ಈಡೇಲ್ ಸುತ್ತ ನಡೆಯುವುದು: ಅಪ್ಪ, ಅಮ್ಮ, ಮಗಳ ಜೊತೆ ಯಾವ ದಾರಿ?

ಪ್ರಶ್ನೆ: ನಾವು ಮೈಸೂರಿನವರು, ಈಗ ಮ್ಯಾಂಚೆಸ್ಟರ್‌ನಲ್ಲಿದ್ದೇವೆ. ಕಾರಿಲ್ಲ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 66, ದಿನಾ ವಾಕಿಂಗ್ ಮಾಡುತ್ತಾರೆ. ಅಮ್ಮನಿಗೆ ಇಳಿಯುವಾಗ ಮೊಣಕಾಲು ನೋವು. ಮಗಳಿಗೆ 8 ವರ್ಷ. ಪೀಕ್ ಡಿಸ್ಟ್ರಿಕ್ಟ್‌ನ ಈಡೇಲ್ ಹಳ್ಳಿಗೆ ಹೋಗಿ ಕಿಂಡರ್ ಸ್ಕೌಟ್ ಹತ್ತಬೇಕು ಅಂತ ಆಸೆ. ನಾನು ಕುಮಾರ ಪರ್ವತ ಎರಡು ಸಲ ಹತ್ತಿದ್ದೇನೆ. ಇದು ಬರೀ 636 ಮೀಟರ್, ಸುಲಭ ಅಲ್ವಾ? ಪರ್ಮಿಷನ್, ಟಿಕೆಟ್ ಏನಾದರೂ ಬೇಕಾ? ಗೈಡ್ ಬೇಕಾ?

ಉತ್ತರ: ಪರ್ಮಿಷನ್ ಬೇಡ, ಟಿಕೆಟ್ ಬೇಡ, ಕೆಳಗಿನ ದಾರಿಗಳಿಗೆ ಗೈಡೂ ಬೇಡ. ಆದರೆ "ಬರೀ 636 ಮೀಟರ್" ಅನ್ನುವ ಮಾತನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ನಾನು ಹತ್ತಾರು ವರ್ಷಗಳಿಂದ ಈ ಗುಡ್ಡಗಳಲ್ಲಿ ನಡೆಯುತ್ತಿದ್ದೇನೆ, ಹೊಸಬರನ್ನು ಕರೆದುಕೊಂಡು ಹೋಗುತ್ತೇನೆ. ನಮ್ಮ ಕಡೆಯಿಂದ ಬಂದವರು ಎಡವುವುದು ಈ ಲೆಕ್ಕದಲ್ಲೇ.

ನಿಮ್ಮ ಮೈಸೂರೇ ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿದೆ. ಅಂದರೆ ಕಿಂಡರ್ ಸ್ಕೌಟ್‌ನ ತುದಿ ನಿಮ್ಮ ಮನೆಯ ಅಂಗಳಕ್ಕಿಂತ ಕೆಳಗೆ. ಹಾಗಾಗಿ ಇಲ್ಲಿ ಎತ್ತರದ ಅಂಕಿ ಏನನ್ನೂ ಹೇಳುವುದಿಲ್ಲ. ಕುಮಾರ ಪರ್ವತದಲ್ಲಿ ಕಷ್ಟ ಇರುವುದು ಏರಿನಲ್ಲಿ. ದಾರಿ ಒಂದೇ, ಅದು ಮೇಲಕ್ಕೆ ಹೋಗುತ್ತದೆ, ಎಲ್ಲಿದ್ದೇವೆ ಅನ್ನುವ ಅನುಮಾನ ಅಷ್ಟಾಗಿ ಬರುವುದಿಲ್ಲ. ಕಿಂಡರ್‌ನಲ್ಲಿ ಕಷ್ಟ ಶುರುವಾಗುವುದು ಏರು ಮುಗಿದ ಮೇಲೆ. ಮೇಲೆ ಶಿಖರ ಅನ್ನುವಂಥದ್ದು ಇಲ್ಲ. ಕಿಲೋಮೀಟರ್‌ಗಟ್ಟಲೆ ಹರಡಿದ ಚಪ್ಪಟೆ ಬಯಲು. ಅದನ್ನೇ ಇಲ್ಲಿಯವರು ಮೂರ್ ಅನ್ನುತ್ತಾರೆ. ಮರವಿಲ್ಲ, ಮನೆಯಿಲ್ಲ, ಗುರುತು ಹಿಡಿಯಲು ಏನೂ ಇಲ್ಲ. ಕಾಲ ಕೆಳಗೆ ಪೀಟ್ ಅನ್ನುವ ಕಪ್ಪು ಜೌಗು ಮಣ್ಣು. ಸಾವಿರಾರು ವರ್ಷಗಳಿಂದ ಸತ್ತ ಗಿಡ, ಪಾಚಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಆದ ಮಣ್ಣು ಅದು. ಮಳೆನೀರು ಅದನ್ನು ಕೊರೆದು ಆಳುದ್ದದ ಕಾಲುವೆಗಳನ್ನು ಮಾಡಿದೆ. ಒಂದಕ್ಕೆ ಇಳಿದರೆ ಸುತ್ತ ಕಪ್ಪು ಗೋಡೆ, ಮೇಲೆ ಆಕಾಶ. ಹತ್ತಿ ಬಂದರೆ ಎದುರಿಗೆ ಇನ್ನೊಂದು ಕಾಲುವೆ.

ಒಮ್ಮೆ ಅಕ್ಟೋಬರ್‌ನಲ್ಲಿ ನಾನು ಮತ್ತು ಒಬ್ಬ ಗೆಳೆಯ ಈ ಬಯಲನ್ನು ಅಡ್ಡ ದಾಟಲು ಹೋದೆವು. ಬೆಳಿಗ್ಗೆ ಬಿಸಿಲಿತ್ತು. ಮಧ್ಯಾಹ್ನ ಹತ್ತೇ ನಿಮಿಷದಲ್ಲಿ ಮಂಜು ಮುಚ್ಚಿತು. ನೇರ ಹೋಗುತ್ತಿದ್ದೇವೆ ಅಂದುಕೊಂಡು ಅರ್ಧ ಗಂಟೆ ನಡೆದೆವು. ಆಮೇಲೆ ಕೆಸರಿನಲ್ಲಿ ಬೂಟಿನ ಹೆಜ್ಜೆಗಳು ಕಂಡವು. ನಮ್ಮವೇ. ಗೆಳೆಯನ ಮುಖ ಬಿಳಿಚಿಕೊಂಡಿತ್ತು. ಆಗ ದಿಕ್ಸೂಚಿ ತೆಗೆದು ದಕ್ಷಿಣಕ್ಕೆ ಮುಖ ಮಾಡಿ, ಕಾಲುವೆ ಬಂದರೂ ಬಂಡೆ ಬಂದರೂ ದಿಕ್ಕು ಬಿಡದೆ ನಡೆದೆವು. ಈಡೇಲ್ ಕಣಿವೆ ಕಿಂಡರ್‌ನ ದಕ್ಷಿಣಕ್ಕಿದೆ, ಅದೊಂದು ಗೊತ್ತಿದ್ದದ್ದು ನಮ್ಮನ್ನು ಉಳಿಸಿತು. ಗುಡ್ಡದ ಅಂಚು ಸಿಗಲು ಗಂಟೆಗಿಂತ ಜಾಸ್ತಿ ಹಿಡಿಯಿತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಎಂಟು ವರ್ಷದ ಮಗು, ಮೊಣಕಾಲು ನೋವಿನ ಅಮ್ಮ ಜೊತೆಗಿದ್ದಾಗ ಆ ಗಂಟೆ ಹೇಗಿರುತ್ತಿತ್ತು ಅಂತ ನೀವೇ ಊಹಿಸಿ.

ಹಾಗಾಗಿ ನನ್ನ ಸಲಹೆ ಇದು. ಎಲ್ಲರನ್ನೂ ಒಂದೇ ದಿನ ಕಿಂಡರ್ ಹತ್ತಿಸಲು ಹೋಗಬೇಡಿ. ಎರಡು ಭೇಟಿ ಇಟ್ಟುಕೊಳ್ಳಿ. ಮೊದಲನೆಯದು ಎಲ್ಲರೂ ಸೇರಿ ಕಣಿವೆಯಲ್ಲಿ. ಎರಡನೆಯದು ನೀವು, ಅಪ್ಪ, ಹವಾಮಾನ ಚೆನ್ನಾಗಿದ್ದರೆ ಮಾತ್ರ, ಮೇಲಕ್ಕೆ.

ಕಾರಿಲ್ಲ ಅನ್ನುವ ಚಿಂತೆ ಬಿಡಿ. ಈಡೇಲ್‌ಗೆ ರೈಲೇ ಒಳ್ಳೆಯದು. ಕಣಿವೆಯ ರಸ್ತೆ ಕಿರಿದು, ರಜೆ ದಿನ ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ. ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಶೆಫೀಲ್ಡ್ ಕಡೆ ಹೋಗುವ, ಎಲ್ಲ ಊರಲ್ಲೂ ನಿಲ್ಲುವ ರೈಲು ಹಿಡಿಯಿರಿ. ಮುಕ್ಕಾಲು ಗಂಟೆ ಚಿಲ್ಲರೆ. ಅದೇ ಹಳಿಯ ಮೇಲೆ ಓಡುವ ಎಕ್ಸ್‌ಪ್ರೆಸ್ ರೈಲುಗಳು ಈಡೇಲ್‌ನಲ್ಲಿ ನಿಲ್ಲುವುದಿಲ್ಲ, ನೋಡಿ ಹತ್ತಿ. ಈ ಮಾರ್ಗ 1894ರದ್ದು. ಚಿನ್ಲಿ ದಾಟಿದ ಮೇಲೆ ರೈಲು ಕೌಬರ್ನ್ ಸುರಂಗಕ್ಕೆ ನುಗ್ಗುತ್ತದೆ, ಮೂರು ಕಿಲೋಮೀಟರಿಗಿಂತ ಉದ್ದದ ಕತ್ತಲೆ. ಹೊರಗೆ ಬಂದ ತಕ್ಷಣ ಎರಡೂ ಕಡೆ ಹಸಿರು ಗುಡ್ಡ, ಕಲ್ಲುಗೋಡೆ, ಕುರಿ. ಮಗಳನ್ನು ಎಡಗಡೆ ಕಿಟಕಿಗೆ ಕೂರಿಸಿ, ಕಿಂಡರ್ ಕಾಣುವುದು ಆ ಕಡೆಗೇ.

ಮೊದಲ ದಿನದ ದಾರಿ. ಸ್ಟೇಷನ್‌ನಿಂದ ಊರಿನ ಒಳಗೆ ನಡೆಯಿರಿ. ಟಾಯ್ಲೆಟ್ ಸ್ಟೇಷನ್ ಹತ್ತಿರದ ಕಾರ್ ಪಾರ್ಕ್ ಪಕ್ಕದಲ್ಲೇ ಇದೆ, ಅಲ್ಲೇ ಮುಗಿಸಿಕೊಳ್ಳಿ, ಮುಂದೆ ಗುಡ್ಡದಲ್ಲಿ ಎಲ್ಲೂ ಸಿಗುವುದಿಲ್ಲ. ಚರ್ಚ್ ದಾಟಿ ಊರಿನ ಕೊನೆಗೆ ಬಂದರೆ ಓಲ್ಡ್ ನ್ಯಾಗ್ಸ್ ಹೆಡ್ ಅನ್ನುವ ಹಳೆಯ ಪಬ್. ಅದರ ಎದುರಿಗೇ ಪೆನ್ನೈನ್ ವೇ ಶುರುವಾಗುತ್ತದೆ. ಉತ್ತರಕ್ಕೆ 268 ಮೈಲಿ, ಅಂದರೆ ಸುಮಾರು 431 ಕಿಲೋಮೀಟರ್ ಹೋಗಿ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹೋಮ್‌ನಲ್ಲಿ ಮುಗಿಯುವ ಕಾಲುದಾರಿ. ನಿಮಗೆ ಬೇಕಾದದ್ದು ಅದರ ಮೊದಲ ಎರಡೂವರೆ ಕಿಲೋಮೀಟರ್ ಮಾತ್ರ, ಅಪ್ಪರ್ ಬೂತ್ ಅನ್ನುವ ಪುಟ್ಟ ಕೇರಿಯವರೆಗೆ. ಹುಲ್ಲುಗಾವಲುಗಳ ನಡುವೆ, ಗುಡ್ಡದ ಮಡಿಲಿಗೆ ಅಂಟಿಕೊಂಡು ಹೋಗುತ್ತದೆ. ಸ್ವಲ್ಪ ಏರು, ಸ್ವಲ್ಪ ಇಳಿಕೆ. ಅಲ್ಲಿಂದ ಬಾರ್ಬರ್ ಬೂತ್ ಮೇಲೆ ವಾಪಸ್ ಬಂದರೆ ಒಟ್ಟು 6 ಕಿಲೋಮೀಟರ್ ಚಿಲ್ಲರೆ. ಕೂತು, ನಿಂತು, ಫೋಟೊ ತೆಗೆದುಕೊಂಡು ಮೂರು ಗಂಟೆ ಇಟ್ಟುಕೊಳ್ಳಿ.

ಈ "ಬೂತ್" ಅಂದರೆ ಏನು ಅಂತ ಅಪ್ಪ ಖಂಡಿತ ಕೇಳುತ್ತಾರೆ. ದನ ಕಾಯುವವರು ಮೇವಿನ ಕಾಲದಲ್ಲಿ ಹಾಕಿಕೊಳ್ಳುತ್ತಿದ್ದ ಗುಡಿಸಲು. ಈ ಕಣಿವೆಯಲ್ಲಿ ಅಂಥ ಐದು ಬೂತ್‌ಗಳಿವೆ, ಎಲ್ಲವೂ ಈಗ ಕೇರಿಗಳು. ನಮ್ಮಲ್ಲಿ ಹಟ್ಟಿ, ದೊಡ್ಡಿ ಅನ್ನುವ ಹೆಸರಿನ ಊರುಗಳು ಹುಟ್ಟಿದ ಹಾಗೆಯೇ.

ದಾರಿಯಲ್ಲಿ ಬೇಲಿ, ಗೋಡೆ ದಾಟಬೇಕಾಗುತ್ತದೆ. ಕೆಲವು ಕಡೆ ಗೇಟು, ಕೆಲವು ಕಡೆ ಸ್ಟೈಲ್, ಅಂದರೆ ಮನುಷ್ಯ ದಾಟಬಹುದು, ದನ ದಾಟಲಾರದು ಅನ್ನುವಂಥ ಮೆಟ್ಟಿಲು. ಮಲೆನಾಡಿನ ಉಣುಗೋಲು, ಕರಾವಳಿಯ ತಡಮೆ ನೋಡಿದವರಿಗೆ ಇದು ಹೊಸದಲ್ಲ. ಗೇಟು ಹೇಗಿತ್ತೋ ಹಾಗೇ ಬಿಡುವುದು ಇಲ್ಲಿಯ ನಿಯಮ. ಮುಚ್ಚಿದ್ದರೆ ಮುಚ್ಚಿ. ಮೇ ತಿಂಗಳಲ್ಲಿ ಕುರಿಮರಿಗಳು ತುಂಬಾ ಇರುತ್ತವೆ. ಮಗಳು ಓಡಿ ಹಿಡಿಯಲು ಹೋಗುತ್ತಾಳೆ, ಬಿಡಬೇಡಿ, ತಾಯಿಯಿಂದ ಮರಿ ದೂರವಾಗುತ್ತದೆ. ಕುರಿಗಿಂತ ಹುಷಾರಾಗಿರಬೇಕಾದದ್ದು ಕರು ಹಾಕಿದ ಹಸುಗಳ ಹತ್ತಿರ. ನಮ್ಮೂರಿನ ಹಸುವಿನ ಸಲಿಗೆಯಲ್ಲಿ ಅಮ್ಮ ಹತ್ತಿರ ಹೋಗಿ ಮೈ ಸವರಬಹುದು. ಬೇಡ ಅನ್ನಿ. ಇವು ಮನುಷ್ಯರ ಕೈಯಲ್ಲಿ ಬೆಳೆದವಲ್ಲ. ಹಸು ಮತ್ತು ಕರುವಿನ ನಡುವೆ ಮಾತ್ರ ಎಂದೂ ಹಾಯಬೇಡಿ, ಸುತ್ತಿ ಹೋಗಿ.

ಈಗ "ಪರ್ಮಿಷನ್ ಬೇಕಾ" ಅನ್ನುವ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಉದ್ದದ ಉತ್ತರ ಕೊಡಲೇಬೇಕು. ನೀವು ನಡೆಯುವ ಈ ಹುಲ್ಲುಗಾವಲು ಯಾರದೋ ರೈತರ ಸ್ವಂತ ಜಮೀನು. ಆದರೂ ಅದರ ನಡುವೆ ಹಾದುಹೋಗುವ ಕಾಲುದಾರಿಯಲ್ಲಿ ನಡೆಯುವುದು ನಿಮ್ಮ ಹಕ್ಕು, ಕಾನೂನಿನ ಹಕ್ಕು. ಹಳದಿ ಬಾಣ ಇದ್ದರೆ ನಡೆಯುವವರ ದಾರಿ, ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿಗೂ ಬಿಟ್ಟ ದಾರಿ. ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ನಕ್ಷೆಯಲ್ಲಿ ಇವು ಹಸಿರು ಗೆರೆಗಳಾಗಿ ಕಾಣುತ್ತವೆ. ಈ ಜಾಗಕ್ಕೆ ಬೇಕಾದ ಹಾಳೆ ಒಎಲ್1, ಡಾರ್ಕ್ ಪೀಕ್. ಒಂದು ಕೊಂಡುಕೊಳ್ಳಿ. ಅಪ್ಪನ ಕೈಗೆ ಕೊಡಿ, ದಿನವಿಡೀ ಖುಷಿಯಾಗಿರುತ್ತಾರೆ.

ಆದರೆ ಮೇಲಿನ ಮೂರ್ ಮೇಲೆ ಕಾಲಿಡುವ ಹಕ್ಕು ಸುಮ್ನೆ ಬಂದದ್ದಲ್ಲ. ನೂರು ವರ್ಷಗಳ ಹಿಂದೆ ಕಿಂಡರ್ ಮೇಲೆ ಜನ ಹೋಗುವಂತಿರಲಿಲ್ಲ. ಗ್ರೌಸ್ ಅನ್ನುವ ಹಕ್ಕಿಯ ಬೇಟೆಗೆ ಅಂತ ಜಮೀನ್ದಾರರು ಅದನ್ನು ಮುಚ್ಚಿಟ್ಟಿದ್ದರು, ಕಾವಲಿಗೆ ಆಳುಗಳಿದ್ದರು. ಗುಡ್ಡದ ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಶೆಫೀಲ್ಡ್. ವಾರವೆಲ್ಲ ಹೊಗೆಯಲ್ಲಿ ಗಿರಣಿ, ಕಾರ್ಖಾನೆ ಕೆಲಸ ಮಾಡಿದವರಿಗೆ ಭಾನುವಾರ ಕಣ್ಣೆದುರಿಗೇ ಕಾಣುವ ಗುಡ್ಡಕ್ಕೆ ಹೋಗಲು ಬಿಡುತ್ತಿರಲಿಲ್ಲ. 1932ರ ಏಪ್ರಿಲ್ 24ರಂದು ಗುಡ್ಡದ ಪಶ್ಚಿಮದ ಹೇಫೀಲ್ಡ್ ಹಳ್ಳಿಯಿಂದ ನೂರಾರು ಜನ ಬೇಕೆಂದೇ, ಎಲ್ಲರಿಗೂ ಹೇಳಿಯೇ, ಕಿಂಡರ್ ಹತ್ತಿದರು. ಮುಂದೆ ನಿಂತವನು ಬೆನ್ನಿ ರೋತ್‌ಮನ್, 20 ವರ್ಷದ ಹುಡುಗ. ಕಾವಲಿನವರ ಜೊತೆ ತಳ್ಳಾಟವಾಯಿತು. ಐವರಿಗೆ ಜೈಲಾಯಿತು, ರೋತ್‌ಮನ್‌ಗೆ ನಾಲ್ಕು ತಿಂಗಳು. ಶಿಕ್ಷೆ ಕೇಳಿ ಊರೂರಲ್ಲಿ ಜನ ಸಿಟ್ಟಾದರು, ಮೊದಲು ದೂರ ನಿಂತಿದ್ದವರೂ ಇವರ ಪರ ಮಾತಾಡಿದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ ಪೆನ್ನೈನ್ ವೇ ಉದ್ಘಾಟನೆಯಾದದ್ದೂ ಏಪ್ರಿಲ್ 24ರಂದೇ. 2000ದ ಕಾನೂನು ಇಂಗ್ಲೆಂಡ್, ವೇಲ್ಸ್‌ನ ಇಂಥ ಮೂರ್‌ಗಳ ಮೇಲೆಲ್ಲ ಕಾಲ್ನಡಿಗೆಯ ಹಕ್ಕು ಕೊಟ್ಟಿತು. 2002ರಲ್ಲಿ, ಎಪ್ಪತ್ತು ವರ್ಷದ ನೆನಪಿನ ಸಭೆಯಲ್ಲಿ, ಅಂದಿನ ಜಮೀನುದಾರ ಮನೆತನದ ಡೆವನ್‌ಶೈರ್ ಡ್ಯೂಕ್ ಎಲ್ಲರೆದುರು ಕ್ಷಮೆ ಕೇಳಿದರು. ಮಗಳಿಗೆ ಇದನ್ನು ಆ ದಾರಿಯಲ್ಲೇ ಕೂತು ಹೇಳಿ. ನಾನು ಕರೆದುಕೊಂಡು ಹೋದ ಮಕ್ಕಳೆಲ್ಲ ಇದನ್ನು ಕೇಳಿದ ಮೇಲೆ ಗೇಟು ದಾಟುವ ರೀತಿಯೇ ಬದಲಾಯಿತು.

ಮೊದಲ ದಿನವೇ ಎತ್ತರದ ನೋಟ ಬೇಕು, ಅಮ್ಮನಿಗೂ ಹುಮ್ಮಸ್ಸಿದೆ ಅಂದರೆ ಕಿಂಡರ್ ಬಿಟ್ಟು ಎದುರು ಬದಿಗೆ ಹೋಗಿ. ಕಣಿವೆಯ ದಕ್ಷಿಣಕ್ಕೆ ಒಂದು ಉದ್ದನೆಯ ಏಣು ಇದೆ. ಅದರಲ್ಲಿ ಹಾಲಿನ್ಸ್ ಕ್ರಾಸ್ ಅನ್ನುವ ತಗ್ಗಿನ ಜಾಗಕ್ಕೆ ಸ್ಟೇಷನ್ನಿನಿಂದ ಒಂದು ಗಂಟೆಯ ನಡಿಗೆ. ಈಡೇಲ್‌ಗೆ ಸ್ವಂತ ಚರ್ಚ್ ಬಂದದ್ದು 17ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಹೊತ್ತು ಇದೇ ಏರು ಹತ್ತಿ ಆಚೆ ಕ್ಯಾಸಲ್ಟನ್ ಕಡೆ ಇಳಿಸುತ್ತಿದ್ದರು. ಹಾಲಿನ್ಸ್ ಕ್ರಾಸ್‌ನಲ್ಲಿ ನಿಂತರೆ ಎರಡೂ ಕಣಿವೆ ಒಟ್ಟಿಗೆ ಕಾಣುತ್ತವೆ. ಪಶ್ಚಿಮಕ್ಕೆ ತಿರುಗಿ ಏಣಿನ ಮೇಲೆ ಕಲ್ಲು ಹಾಸಿದ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆದರೆ 517 ಮೀಟರಿನ ಮ್ಯಾಮ್ ಟಾರ್. ಹೆಸರಿನ ಅರ್ಥ ತಾಯಿ ಗುಡ್ಡ. ಇದರ ಪೂರ್ವದ ಮೈ ಸಡಿಲ ಕಲ್ಲಿನದು, ಸದಾ ಕುಸಿಯುತ್ತದೆ. ಕೆಳಗೆ ಹಾದುಹೋಗುತ್ತಿದ್ದ ರಸ್ತೆಯನ್ನು ಎಷ್ಟು ಸಲ ರಿಪೇರಿ ಮಾಡಿದರೂ ನಿಲ್ಲಲಿಲ್ಲ, 1979ರಲ್ಲಿ ಕೈಬಿಟ್ಟರು. ಒಡೆದ ಟಾರು ರಸ್ತೆ ಇನ್ನೂ ಹಾಗೇ ಬಿದ್ದಿದೆ. ಸುತ್ತು ಹಾಕಿ ಈಡೇಲ್‌ಗೆ ಇಳಿದರೆ ಒಟ್ಟು 8ರಿಂದ 9 ಕಿಲೋಮೀಟರ್. ಅಮ್ಮನಿಗೆ ಇಳಿಯುವಾಗ ನೋವು ಅಂದಿರಿ. ಎರಡು ವಾಕಿಂಗ್ ಪೋಲ್ ಕೊಡಿಸಿ, ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿಕೊಳ್ಳಲು ಹೇಳಿ. ಮೊಣಕಾಲಿನ ಭಾರ ಕೈಗೂ ಹಂಚಿಹೋಗುತ್ತದೆ. ಹಾಲಿನ್ಸ್ ಕ್ರಾಸ್‌ನಲ್ಲೇ ಸಾಕು ಅನ್ನಿಸಿದರೆ ಬಂದ ದಾರಿಯಲ್ಲೇ ಇಳಿಯಿರಿ, ಅದೇನೂ ಸೋಲಲ್ಲ.

ಎರಡನೇ ಭೇಟಿ, ಕಿಂಡರ್. ಪೆನ್ನೈನ್ ವೇಯಲ್ಲೇ ಅಪ್ಪರ್ ಬೂತ್, ಅಲ್ಲಿಂದ ಲೀ ಫಾರ್ಮ್ ದಾಟಿದರೆ ಪುಟ್ಟ ಕಲ್ಲಿನ ಸೇತುವೆ. ಹೇರು ಕುದುರೆಗಳು ಸಾಮಾನು ಹೊತ್ತು ಹೇಫೀಲ್ಡ್ ಕಡೆ ಹೋಗುತ್ತಿದ್ದ ಕಾಲದ್ದು. ಅಲ್ಲಿಂದ ಕಡಿದಾದ ಮೆಟ್ಟಿಲು ದಾರಿ, ಜೇಕಬ್ಸ್ ಲ್ಯಾಡರ್. 18ನೇ ಶತಮಾನದಲ್ಲಿ ಇಲ್ಲಿ ಬೇಸಾಯ ಮಾಡುತ್ತಿದ್ದ ಜೇಕಬ್ ಮಾರ್ಷಲ್ ಅನ್ನುವವನು ಕಡಿದ ಮೆಟ್ಟಿಲು ಅನ್ನುತ್ತಾರೆ. ಕುದುರೆ ಸುತ್ತು ದಾರಿಯಲ್ಲಿ ಬರುವಷ್ಟರಲ್ಲಿ ಅವನು ನೇರ ಹತ್ತಿ ಮೇಲೆ ಕೂತು ಕಾಯುತ್ತಿದ್ದನಂತೆ. ಮೆಟ್ಟಿಲು ಮುಗಿದ ಮೇಲೆ ಉತ್ತರಕ್ಕೆ ಹೋದರೆ 633 ಮೀಟರಿನ ಕಿಂಡರ್ ಲೋ, ಬಿಳಿ ಕಂಬ ಇದೆ. ನಿಮ್ಮ ಪ್ರಶ್ನೆಯ 636 ಮೀಟರ್ ಇರುವುದು ಒಳಗೆ, ಪೀಟ್ ನಡುವೆ, ಸರಿಯಾದ ದಾರಿಯಿಲ್ಲದ ಜಾಗದಲ್ಲಿ. ಆ ಮೂರು ಮೀಟರ್ ಬಿಟ್ಟುಬಿಡಿ.

ವಾಪಸ್ ಬರುವಾಗ ಬಯಲಿನ ಒಳಗೆ ನುಗ್ಗಬೇಡಿ. ದಕ್ಷಿಣದ ಅಂಚು ಹಿಡಿದು ಪೂರ್ವಕ್ಕೆ ನಡೆಯಿರಿ. ಬಲಗಡೆ ಸದಾ ಈಡೇಲ್ ಕಣಿವೆ ಇರಬೇಕು, ಇದೊಂದೇ ನಿಯಮ. ಈ ಅಂಚಿನಲ್ಲಿ ಗಾಳಿ ಕೆತ್ತಿದ ದೊಡ್ಡ ದೊಡ್ಡ ಬಂಡೆಗಳಿವೆ. ವೂಲ್‌ಪ್ಯಾಕ್ಸ್ ಅನ್ನುವಲ್ಲಿ ಅವು ಉಣ್ಣೆಯ ಮೂಟೆಗಳನ್ನು ಚೆಲ್ಲಿದ ಹಾಗೆ ಬಿದ್ದಿವೆ. ನನಗೆ ಇಡೀ ಕಿಂಡರ್‌ನಲ್ಲಿ ಅತಿ ಪ್ರೀತಿಯ ಜಾಗ ಅದು. ಕೊನೆಗೆ 601 ಮೀಟರಿನ ಗ್ರಿಂಡ್ಸ್ಲೋ ನಾಲ್ ಬೆನ್ನಿನ ಮೇಲಿಂದ ಊರಿಗೆ ಇಳಿಯಿರಿ. ಪಕ್ಕದ ಗ್ರಿಂಡ್ಸ್‌ಬ್ರೂಕ್ ಹಳ್ಳದ ದಾರಿ ಹೆಸರುವಾಸಿ, ಆದರೆ ಅದರ ಮೇಲ್ಭಾಗದಲ್ಲಿ ಬಂಡೆಗಳ ಮೇಲೆ ಕೈ ಊರಿ ಇಳಿಯಬೇಕು, ಒದ್ದೆಯಾಗಿದ್ದರೆ ಜಾರುತ್ತದೆ. 66ರ ಅಪ್ಪನ ಜೊತೆ ಇಳಿಯಲು ಅದು ಬೇಡ. ಒಟ್ಟು 13 ಕಿಲೋಮೀಟರ್ ಹತ್ತಿರ. 1892ರಲ್ಲಿ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನವರು ಒಂದು ಲೆಕ್ಕ ಕೊಟ್ಟರು, ಇಲ್ಲಿ ಎಲ್ಲರೂ ಬಳಸುತ್ತಾರೆ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ನಿಮಗೆ ಮೂರೂವರೆ ಗಂಟೆ ಆಗಬೇಕು. ನೀವು ಆರು ಗಂಟೆ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆ ದಾಟಿದರೂ ಬೆಳಕಿರುತ್ತದೆ. ಇದೇ ದಾರಿಗೆ ಡಿಸೆಂಬರ್‌ನಲ್ಲಿ ಬಂದರೆ ನಾಲ್ಕಕ್ಕೇ ಕತ್ತಲು.

ಮೇಲೆ ಅಲ್ಲಲ್ಲಿ ಚಪ್ಪಡಿ ಕಲ್ಲು ಹಾಸಿದ ದಾರಿ ಸಿಗುತ್ತದೆ. ಪೆನ್ನೈನ್ ವೇಯ ಇಂಥ ಚಪ್ಪಡಿಗಳಲ್ಲಿ ಬಹಳಷ್ಟು ಲಂಕಾಶೈರ್‌ನ ಮುಚ್ಚಿಹೋದ ಬಟ್ಟೆ ಗಿರಣಿಗಳ ನೆಲದ ಕಲ್ಲುಗಳು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಲಂಕಾಶೈರ್‌ಗೆ ಬರುತ್ತಿತ್ತು. ಆ ಗಿರಣಿಗಳ ಹೊಗೆಯೇ ಈ ಮೂರ್ ಅನ್ನು ಸುಟ್ಟದ್ದು. ಪೀಟ್ ಕಟ್ಟುವ ಸ್ಫ್ಯಾಗ್ನಮ್ ಪಾಚಿ ಆಮ್ಲ ಮಳೆಗೆ ಸತ್ತು, ಮಣ್ಣು ಬೆತ್ತಲಾಗಿ ಕೊಚ್ಚಿಹೋಯಿತು. 2003ರಿಂದ ಇಲ್ಲಿ ದೊಡ್ಡ ದುರಸ್ತಿ ಕೆಲಸ ನಡೆದಿದೆ. ಹೆಲಿಕಾಪ್ಟರ್‌ನಲ್ಲಿ ಕಲ್ಲು, ಹೆದರ್ ಗಿಡದ ಕಡ್ಡಿ ತಂದು ಸುರಿದು, ಕಾಲುವೆಗಳಿಗೆ ಪುಟ್ಟ ಪುಟ್ಟ ಒಡ್ಡು ಕಟ್ಟಿ, ಪಾಚಿಯನ್ನು ಕೈಯಲ್ಲಿ ನೆಟ್ಟರು. ಹಸಿರು ನಿಧಾನವಾಗಿ ವಾಪಸ್ ಬರುತ್ತಿದೆ. ಅದಕ್ಕೇ ಚಪ್ಪಡಿ ಬಿಟ್ಟು ಪಕ್ಕಕ್ಕೆ ಇಳಿಯಬೇಡಿ. ಬೆಂಕಿ, ಬಾರ್ಬೆಕ್ಯೂ ಅಂತೂ ಬೇಡವೇ ಬೇಡ. ಪೀಟ್ ಒಳಗೊಳಗೇ ಹೊತ್ತಿಕೊಂಡು ದಿನಗಟ್ಟಲೆ ಉರಿಯುತ್ತದೆ. ಮೇ ತಿಂಗಳಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಇರುತ್ತವೆ. ಕರ್ಲ್ಯೂ ಅನ್ನುವ ಬಾಗಿದ ಕೊಕ್ಕಿನ ಹಕ್ಕಿಯ ಗುಳುಗುಳು ಕೂಗು ಕೇಳಿದರೆ ಅಪ್ಪನನ್ನು ನಿಲ್ಲಿಸಿ ಕೇಳಿಸಿ.

ಬಟ್ಟೆ ವಿಚಾರ. ಜೀನ್ಸ್ ಬೇಡ, ಹತ್ತಿ ಬಟ್ಟೆ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮೈ ಶಾಖವನ್ನೆಲ್ಲ ಹೀರುತ್ತದೆ. ಒಂದು ಫ್ಲೀಸ್, ಮೇಲೆ ಮಳೆ, ಗಾಳಿ ತಡೆಯುವ ಜಾಕೆಟ್, ಟೋಪಿ, ಗ್ಲೌಸ್, ಹಿಡಿತ ಇರುವ ಬೂಟು. ಮೇ ತಿಂಗಳಲ್ಲೂ ಗ್ಲೌಸ್ ಬೇಕಾ ಅಂತ ಅಮ್ಮ ಕೇಳುತ್ತಾರೆ. ಬೇಕು. ಊರಲ್ಲಿ ಹಿತವಾಗಿದ್ದಾಗಲೂ ಅಂಚಿನ ಮೇಲಿನ ಗಾಳಿಗೆ ಬೆರಳು ಮರಗಟ್ಟುತ್ತದೆ. ಊಟಕ್ಕೆ ಪುಳಿಯೋಗರೆ, ಚಪಾತಿ ಪಲ್ಯ ಕಟ್ಟಿಕೊಳ್ಳಿ, ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿ. ನಮ್ಮ ಘಟ್ಟದ ಜಿಗಣೆ ಕಾಟ ಇಲ್ಲಿಲ್ಲ, ಆದರೆ ಉಣ್ಣಿ ಇವೆ. ಸಂಜೆ ಮಗಳ ಕಾಲು, ಮಂಡಿ ಹಿಂಭಾಗ, ಕತ್ತು ನೋಡಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಆಮೇಲೆ ಸುತ್ತ ಕೆಂಪು ಬಳೆಯಂತೆ ಕಲೆ ಹರಡಿದರೆ ಡಾಕ್ಟರಿಗೆ ತೋರಿಸಿ.

ಹಿಂದಿನ ರಾತ್ರಿ ಮೆಟ್ ಆಫೀಸಿನ ಪರ್ವತ ಹವಾಮಾನ ನೋಡಿ, ಪೀಕ್ ಡಿಸ್ಟ್ರಿಕ್ಟ್‌ಗೆ ಅಂತಲೇ ಬೇರೆ ಕೊಡುತ್ತಾರೆ. ಮೋಡ ಎಷ್ಟು ಎತ್ತರದಲ್ಲಿ ಅನ್ನುವ ಸಾಲು ಮುಖ್ಯ. ಅದು 600 ಮೀಟರಿಗಿಂತ ಕೆಳಗಿದ್ದರೆ ಕಿಂಡರ್ ಬಿಟ್ಟು ಕಣಿವೆಯ ದಾರಿಗೇ ಹೋಗಿ. ಮೊಬೈಲ್ ಸಿಗ್ನಲ್ ಅನ್ನು ನಂಬಬೇಡಿ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ, ಕಾಗದದ್ದೂ ಇರಲಿ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ, ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಮನೆಯಿಂದಲೇ 999ಕ್ಕೆ "ರಿಜಿಸ್ಟರ್" ಅಂತ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿ ನೋಂದಾಯಿಸಿಕೊಂಡರೆ, ಮಾತಾಡಲು ಸಿಗ್ನಲ್ ಸಾಲದಿದ್ದಾಗ ಮೆಸೇಜಿನಲ್ಲೇ ನೆರವು ಕೇಳಬಹುದು. ಬರುವವರು ಸುತ್ತಲಿನ ಊರಿನ ಸ್ವಯಂಸೇವಕರು, ಒಂದು ಪೌಂಡೂ ಕೇಳುವುದಿಲ್ಲ. ಮಗಳ ಕೊರಳಿಗೆ ಒಂದು ಸೀಟಿ ಹಾಕಿ. ನಿಮಿಷಕ್ಕೆ ಆರು ಸಲ ಊದುವುದು, ಒಂದು ನಿಮಿಷ ನಿಲ್ಲುವುದು, ಮತ್ತೆ ಊದುವುದು. ಇದು ನೆರವಿನ ಕರೆ ಅಂತ ಗುಡ್ಡದಲ್ಲಿ ಓಡಾಡುವವರಿಗೆ ಗೊತ್ತು. ರೈಲಿನಲ್ಲಿ ಬರುವಾಗಲೇ ಅವಳಿಗೆ ಕಲಿಸಿ. ಸುರಂಗ ದಾಟಿದ ಮೇಲೆ ಅವಳು ನಿಮ್ಮ ಮಾತು ಕೇಳುವುದಿಲ್ಲ, ಕಿಟಕಿಗೆ ಅಂಟಿಕೊಂಡಿರುತ್ತಾಳೆ.